ಹೇಳಿದ ಮಾತು ನೆನಪಿನಲ್ಲಿ ಉಳಿಯಬೇಕಾದರೆ

ತೊಗರಿ ಬಿತ್ತನೆಗೆ ಮೊದಲು ಊರಿನಲ್ಲಿ ರೈತರ ಸಭೆ ನಡೆಯುತ್ತದೆ. ತಜ್ಞರು ಒಂದು ಗಂಟೆ ಮಾತನಾಡುತ್ತಾರೆ. ತಳಿ, ಬೀಜದ ಪ್ರಮಾಣ, ಸಾಲಿನ ಅಂತರ, ಗೊಬ್ಬರ, ಕಳೆ, ಕೀಟ, ರೋಗ ಎಲ್ಲವೂ ಬಂದು ಹೋಗುತ್ತವೆ. ಎಂಟು ದಿನಗಳ ನಂತರ ಹದವಾದ ಮಳೆ ಬೀಳುತ್ತದೆ. ಬಿತ್ತನೆಗೆ ಹೊರಟ ರೈತನಿಗೆ ಸಂಶಯ: ಬೀಜಕ್ಕೆ ಮೊದಲು ಹಚ್ಚಬೇಕಾದದ್ದು ಶಿಲೀಂಧ್ರನಾಶಕವೋ, ರೈಜೋಬಿಯಂ ಜೀವಾಣು ಗೊಬ್ಬರವೋ? ಕ್ರಮ ತಪ್ಪಿದರೆ ಜೀವಾಣುಗಳು ಔಷಧಿಗೆ ಸಿಕ್ಕಿ ಸಾಯುವ ಸಂಭವ ಹೆಚ್ಚು. ಖರ್ಚೂ ಶ್ರಮವೂ ವ್ಯರ್ಥ.

"ಎಷ್ಟು ಹೇಳಿದರೂ ಅಷ್ಟೇ" ಎಂದು ರೈತರನ್ನು ದೂರುವುದು ಸುಲಭ. ಆದರೆ ಮರೆವು ಎಲ್ಲರಿಗೂ ಸಹಜ. ಅದರ ಸ್ವಭಾವವನ್ನು ತಿಳಿದು ಹೇಳುವುದು ವಿಸ್ತರಣಾ ಕಾರ್ಯಕರ್ತರ ಕರ್ತವ್ಯ.

ನೆನಪು ಮತ್ತು ಮರೆವು

ನೆನಪನ್ನು ಮೊರ ಮತ್ತು ಕಣಜಕ್ಕೆ ಹೋಲಿಸಬಹುದು. ಕೇಳಿದ ಹೊಸ ವಿಷಯ ಮೊದಲು ಮೊರಕ್ಕೆ, ಅಂದರೆ ತಾತ್ಕಾಲಿಕ ನೆನಪಿಗೆ ಬೀಳುತ್ತದೆ. ಇದು ಚಿಕ್ಕದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಇದರ ಮಿತಿಯನ್ನು ಸುಮಾರು ಏಳು ಅಂಶಗಳೆಂದು ಹೇಳಿದರು. ಮುಂದಿನ ಸಂಶೋಧಕರು ಅದು ನಾಲ್ಕರ ಸುಮಾರು ಎಂದಿದ್ದಾರೆ. ಹಿಡಿಯುವುದಕ್ಕಿಂತ ಹೆಚ್ಚು ಸುರಿದರೆ ಚೆಲ್ಲಿಹೋಗುತ್ತದೆ. ಮೊರದಲ್ಲಿ ಉಳಿದದ್ದು ಮಾತ್ರ ಕಣಜಕ್ಕೆ, ಅಂದರೆ ದೀರ್ಘಕಾಲದ ನೆನಪಿಗೆ ಸೇರಬಲ್ಲದು.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಉಳಿಯಿತೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮರೆತಿತ್ತು. ಒಂದು ದಿನದ ನಂತರ ಉಳಿದದ್ದು ಮೂರನೆಯ ಒಂದು ಭಾಗ. ಒಂದು ತಿಂಗಳ ನಂತರ ಐದನೆಯ ಒಂದು ಭಾಗ. ಇದರಿಂದ ತಿಳಿಯುವುದು ಎರಡು. ಹೆಚ್ಚಿನ ಮರೆವು ಮೊದಲ ದಿನವೇ ಆಗುತ್ತದೆ. ಆ ದಿನ ದಾಟಿ ಉಳಿದದ್ದು ನಿಧಾನವಾಗಿ ಕರಗುತ್ತದೆ. ಅರ್ಥ ತಿಳಿದು ಕಲಿತ ವಿಷಯ ಇಷ್ಟು ಬೇಗ ಮರೆಯುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಒಮ್ಮೆಗೆ ಮೂರು ಅಂಶ ಸಾಕು: ಬಿತ್ತನೆಯ ಸಭೆಯಲ್ಲಿ ಬಿತ್ತನೆಯ ಮಾತು ಮಾತ್ರ ಇರಲಿ. ಕಾಯಿಕೊರಕದ ವಿಷಯವನ್ನು ಹೂವಾಡುವ ಕಾಲಕ್ಕೆ ಹೇಳಬೇಕು.

2. ಗೊತ್ತಿರುವುದಕ್ಕೆ ಗಂಟು ಹಾಕಿ: "ಜೂನ್ ಕೊನೆಯ ವಾರ" ಎನ್ನುವುದಕ್ಕಿಂತ "ಆರಿದ್ರಾ ಮಳೆಯಲ್ಲಿ" ಎಂದರೆ ರೈತನ ಮನಸ್ಸಿನಲ್ಲಿ ಬೇಗ ನಿಲ್ಲುತ್ತದೆ. ಹಿರಿಯರು ಈ ಗುಟ್ಟನ್ನು ಬಲ್ಲವರು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆಯನ್ನು ಅದರ ಪ್ರಾಸವೇ ತಲೆಮಾರುಗಳಿಂದ ಉಳಿಸಿದೆ.

3. ಕಾರಣ ತಿಳಿಸಿ, ಕೈಯಿಂದ ಮಾಡಿಸಿ: ರೈಜೋಬಿಯಂ ಜೀವವಿರುವ ವಸ್ತು, ಶಿಲೀಂಧ್ರನಾಶಕ ವಿಷ. ಆದ್ದರಿಂದ "ವಿಷ ಮೊದಲು, ಜೀವ ಕೊನೆಗೆ". ಕಾರಣ ಗೊತ್ತಿದ್ದವನಿಗೆ ಕ್ರಮ ತಪ್ಪುವುದಿಲ್ಲ. ಒಂದಿಷ್ಟು ಬೀಜ ತರಿಸಿ, ಔಷಧಿ ಲೇಪಿಸಿ ಆರಿದ ಬೀಜಕ್ಕೆ ಬೆಲ್ಲದ ಅಂಟಿನೊಡನೆ ಜೀವಾಣು ಗೊಬ್ಬರವನ್ನು ರೈತರಿಂದಲೇ ಹಚ್ಚಿಸಿ, ನೆರಳಿನಲ್ಲಿ ಒಣಗಿಸಬೇಕು. ಔಷಧಿ ಮುಟ್ಟುವಾಗ ಕೈಗವಸು ಮರೆಯಬಾರದು.

4. ಅವರ ಬಾಯಿಂದಲೇ ಕೇಳಿ: 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿದರು. ಪಾಠವನ್ನು ಎರಡನೆಯ ಸಲ ಓದಿದವರು ವಾರದ ನಂತರ ಶೇ. 42ರಷ್ಟು ನೆನಪಿಟ್ಟಿದ್ದರು. ಒಮ್ಮೆ ಓದಿ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಶೇ. 56ರಷ್ಟು ನೆನಪಿಟ್ಟಿದ್ದರು. ಸಭೆಯ ಕೊನೆಗೆ ಮತ್ತೊಮ್ಮೆ ಹೇಳುವ ಬದಲು ಕೇಳುವುದು ಲೇಸು. ಆದರೆ ಹಿರಿಯರನ್ನು ಶಾಲೆಯ ಹುಡುಗರಂತೆ ಪರೀಕ್ಷಿಸಬಾರದು. "ಯಜಮಾನರೇ, ನಾಳೆ ಬೀಜಕ್ಕೆ ಮೊದಲು ಏನು ಹಚ್ಚುತ್ತೀರಿ?" ಎಂದು ವಿನಯದಿಂದ ಕೇಳಿದರೆ ಸಾಕು.

5. ಬಿಡುವು ಕೊಟ್ಟು ನೆನಪಿಸಿ: ಒಂದೇ ದಿನ ಹತ್ತು ಸಲ ಹೇಳುವುದಕ್ಕಿಂತ ದಿನಗಳ ಅಂತರದಲ್ಲಿ ಮೂರು ಸಲ ಹೇಳುವುದು ಲಾಭಕರ. 1970ರ ದಶಕದಲ್ಲಿ ನಮ್ಮ ದೇಶದಲ್ಲಿ ಆರಂಭವಾದ ತರಬೇತಿ ಮತ್ತು ಭೇಟಿ ಪದ್ಧತಿಯಲ್ಲಿ ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನದಂದೇ ರೈತರನ್ನು ಕಾಣುವ ಏರ್ಪಾಡಿತ್ತು. ಆ ಪದ್ಧತಿ ಈಗಿಲ್ಲ. ಅದರ ಈ ಗುಣವನ್ನು ನಾವು ಉಳಿಸಿಕೊಳ್ಳಬಹುದು. ಸಭೆಯ ಮರುದಿನ ಮೊಬೈಲಿನಲ್ಲಿ ಒಂದು ಸಾಲಿನ ಸಂದೇಶ, ವಾರದ ನಂತರ ಹೊಲದಲ್ಲಿ ಒಂದು ಪ್ರಶ್ನೆ, ಇಷ್ಟು ಸಾಕು.

ನೆನಪಿಗೆ ಬಿಡಬಾರದ ವಿಷಯ

ಕೀಟನಾಶಕದ ಪ್ರಮಾಣವನ್ನು ಮಾತ್ರ ಯಾರೂ ನೆನಪಿನ ಮೇಲೆ ನಂಬಬಾರದು. ಲೀಟರ್ ನೀರಿಗೆ ಹೇಳಿದ್ದೋ, ಎಕರೆಗೆ ಹೇಳಿದ್ದೋ ಎಂಬುದು ಮರೆತರೆ ಬೆಳೆಗೂ ಜೀವಕ್ಕೂ ಅಪಾಯ. ಬೆಳೆ, ಔಷಧಿ, ಪ್ರಮಾಣ ಈ ಮೂರನ್ನು ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಡಬೇಕು. ಡಬ್ಬಿಯ ಚೀಟಿಯನ್ನು ಕೀಳಬಾರದು. ಅದರ ಮೇಲಿನ ಬಣ್ಣದ ಗುರುತು ಓದು ಬಾರದವರಿಗೂ ಎಚ್ಚರಿಕೆ ಕೊಡುತ್ತದೆ. ಕೆಂಪು ಅತಿ ಹೆಚ್ಚು ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಹಸಿರಿದ್ದರೂ ಎಚ್ಚರಿಕೆ ಬೇಕು.

ರೈತ ಬಾಂಧವರೂ ಸಂಕೋಚ ಬಿಟ್ಟು "ಇನ್ನೊಮ್ಮೆ ಹೇಳಿ, ಬರೆದುಕೊಡಿ" ಎಂದು ಕೇಳಬೇಕು. ಹೇಳಿದ ಮಾತು ಬಿತ್ತುವ ದಿನ ನೆನಪಿಗೆ ಬಂದಾಗಲೇ ಆ ಸಭೆ ಸಾರ್ಥಕ.