ಜ್ವರ ಅಂತ ಬರೆಯಬೇಡ ಕಣಮ್ಮ

ಬಸಿರು ಇಳಿದುಹೋದಾಗ ರಜೆ ಅರ್ಜಿಯಲ್ಲಿ ‘ಜ್ವರ’ ಅಂತ ಬರೆಯಬೇಡ ಕಣಮ್ಮ. ತುಮಕೂರಿನ ನಮ್ಮ ಶೆಟ್ಟಿಹಳ್ಳಿಯಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡುವವರು, ವಸಂತನರಸಾಪುರಕ್ಕೆ ಕಂಪನಿ ಬಸ್ಸು ಹತ್ತುವವರು, ಹಾಗೆ ಬರೆದು ಎರಡು ಸಿಎಲ್ ಹಾಕಿ, ಭಾನುವಾರ ಸೇರಿಸಿಕೊಂಡು, ಸೋಮವಾರ ಟಿಫನ್ ಡಬ್ಬಿ ಹಿಡಿದು ಹೊರಡುವುದನ್ನು ಕಂಡಿದ್ದೇನೆ. ಮನೆಯವರೂ ಅದಕ್ಕೆ ತಾಳ ಹಾಕುತ್ತಾರೆ. ಮೂರು ತಿಂಗಳು ತುಂಬಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ, ಈಗ ಯಾಕೆ ಹೇಳಬೇಕು ಅಂತ.

ಹೇಳಬೇಕು. ಊರಿಗೆಲ್ಲ ಅಲ್ಲ, ರಜೆ ನೋಡಿಕೊಳ್ಳುವ ಒಬ್ಬರಿಗೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಗರ್ಭಪಾತಕ್ಕೆ ಆರು ವಾರ ಸಂಬಳದ ರಜೆ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೇ ಇದೆ. ಹತ್ತು ಜನ ಕೆಲಸಗಾರರಿರುವ ಅಂಗಡಿಗೂ ಇದು ಅನ್ವಯ. ಆ ಆರು ವಾರದಲ್ಲಿ ಗೊತ್ತಿದ್ದೂ ನಿನ್ನನ್ನು ದುಡಿಸಿಕೊಂಡರೆ ಮಾಲೀಕರದು ತಪ್ಪು. ನೀನು ಜ್ವರ ಅಂದುಬಿಟ್ಟರೆ ಅವರಿಗೆ ಗೊತ್ತೇ ಇಲ್ಲ, ತಪ್ಪೂ ಇಲ್ಲ. ‘ಗರ್ಭಪಾತವಾಗಿದೆ, ಇಂಥ ದಿನದಿಂದ ಆರು ವಾರ ರಜೆ ಬೇಕು, ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ’ ಅಂತ ಬರೆದರೆ ಸಾಕು. ಬಾಯಲ್ಲಿ ಹೇಳಬೇಡ, ಮೇಲ್ ಮಾಡು.

ಆಸ್ಪತ್ರೆ ಕಾಗದ ಜೋಪಾನ. ಹಾಳು ನೆನಪು ಯಾಕೆ ಅಂತ ನಮ್ಮವರು ಮೊದಲು ಹರಿದುಹಾಕುವುದೇ ಡಿಸ್ಚಾರ್ಜ್ ಚೀಟಿಯನ್ನು. ಅದರಲ್ಲಿ ಬರೆದ ಗರ್ಭಪಾತದ ದಿನದ ಮರುದಿನದಿಂದಲೇ ರಜೆಯ ಲೆಕ್ಕ. ಸಂಬಳ 21,000ದೊಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ, ವಂತಿಗೆಯ ದಿನಗಳು ತುಂಬಿದ್ದರೆ, ಆ 42 ದಿನದ ದುಡ್ಡು ಇಎಸ್‌ಐನಿಂದ ಬರುತ್ತದೆ, ಕಂಪನಿ ಗಲ್ಲಾದಿಂದಲ್ಲ. ಆದ್ದರಿಂದ ಸೂಪರ್‌ವೈಸರ್ ಮುಖ ಸಿಂಡರಿಸಿದರೆ ನೀನು ಕುಗ್ಗಬೇಕಾಗಿಲ್ಲ. ಆರು ವಾರದ ಮೇಲೂ ಮೈ ಸುಧಾರಿಸದಿದ್ದರೆ, ಡಾಕ್ಟರು ಬರೆದುಕೊಟ್ಟರೆ, ಇನ್ನೊಂದು ತಿಂಗಳವರೆಗೆ ಸಿಗುತ್ತದೆ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವ ಹಾಗೂ ಇಲ್ಲ. ತೆಗೆದರೆ ಕಾರ್ಮಿಕ ಇಲಾಖೆಗೆ ದೂರು ಕೊಡು. ಇನ್ನೊಂದು, ಬಹಳ ಜನಕ್ಕೆ ತಿಳಿಯದ್ದು: 26 ವಾರ ದಾಟಿ ಮಗು ಸತ್ತು ಹುಟ್ಟಿದರೆ ಅದು ಗರ್ಭಪಾತವಲ್ಲ, ಹೆರಿಗೆ. ಅದಕ್ಕೆ ಹೆರಿಗೆ ರಜೆಯೇ ಸಲ್ಲುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ರಜೆ ಹಾಕದವರಿದ್ದಾರೆ. ಯಾಕೆ ಅಂತ ಬಲ್ಲೆ. ಮನೆಯಲ್ಲಿ ಕೂತರೆ ವಿಚಾರಣೆ ಶುರು: ಪಪ್ಪಾಯಿ ತಿಂದೆಯಾ, ಬಿಂದಿಗೆ ಎತ್ತಿದೆಯಾ, ಸ್ಕೂಟಿ ಓಡಿಸಬೇಡ ಅಂದಿರಲಿಲ್ಲವಾ. ಅದಕ್ಕಿಂತ ಆಫೀಸೇ ವಾಸಿ ಅನ್ನಿಸುತ್ತದೆ. ಮೊದಲ ತಿಂಗಳುಗಳಲ್ಲಿ ಇಳಿಯುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಿನ ದೋಷ. ಬಿಂದಿಗೆ ಅಲ್ಲ, ಸ್ಕೂಟಿ ಅಲ್ಲ. ಇದನ್ನು ಡಾಕ್ಟರ ಬಾಯಿಂದಲೇ ಅತ್ತೆಗೆ ಹೇಳಿಸು, ನೀನು ಹೇಳಿದರೆ ನಂಬಲ್ಲ. ಆಗದಿದ್ದರೆ ತವರಿಗೆ ಹೋಗು. ಗುಬ್ಬಿಯೋ ಕುಣಿಗಲ್ಲೋ, ಎಷ್ಟು ದೂರ? ಕಂಕುಳಲ್ಲಿ ಕೂಸಿಲ್ಲದಿದ್ದರೂ ಮೈಗೆ ಬಾಣಂತನ ಬೇಕು. ಬಿಸಿನೀರು, ಬಿಸಿ ಊಟ, ನಿದ್ದೆ. ಕೆಲಸ ಮಾಡಿದರೇ ಮನಸ್ಸು ಹಗುರ ಅನ್ನುತ್ತೀಯ. ಆ ಕೆಲಸ ಆರು ವಾರದ ಮೇಲೂ ಅಲ್ಲೇ ಇರುತ್ತೆ ತಾಯಿ.

ದುಃಖಕ್ಕೆ ಅಂತಲೇ ರಜೆ ನಮ್ಮ ಕಾಯ್ದೆಯಲ್ಲಿಲ್ಲ. ನ್ಯೂಜಿಲೆಂಡಿನ ಸಂಸತ್ತು 2021ರ ಮಾರ್ಚಿನಲ್ಲಿ ಗರ್ಭಪಾತವಾದರೆ ಮೂರು ದಿನ ಸಾವಿನ ರಜೆ ಕೊಡಬೇಕು ಅಂತ ಕಾನೂನು ಮಾಡಿತು, ಸಂಬಳ ಸಮೇತ, ಗಂಡನಿಗೂ. ಮೂರೇ ದಿನವಾದರೂ ಮನೆಯಲ್ಲಿ ಒಂದು ಸಾವಾಗಿದೆ ಅಂತ ಸರ್ಕಾರವೇ ಒಪ್ಪಿದಂತಾಯಿತಲ್ಲ. ಇಲ್ಲಿ ಹನ್ನೊಂದನೆಯ ದಿನದ ಕಾರ್ಯವಿಲ್ಲ, ತಿಥಿಯಿಲ್ಲ, ಬಂದು ಪಕ್ಕದಲ್ಲಿ ಕೂರುವವರೂ ಇಲ್ಲ. ಕರ್ನಾಟಕದ ಸಂಪುಟ 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದು ಮುಟ್ಟಿನ ರಜೆ ಒಪ್ಪಿತು. ಅಷ್ಟು ಧೈರ್ಯ ಮಾಡಿದವರು ಇದಕ್ಕೂ ಮಾಡಲಿ ಅಂತ ನನ್ನಾಸೆ.

ಅಲ್ಲಿಯವರೆಗೆ ನಿನ್ನ ಗಂಡನಿಗೆ ಈ ಕಾಯ್ದೆಯಲ್ಲಿ ಒಂದು ದಿನವೂ ಇಲ್ಲ. ಅವನೂ ಅಪ್ಪ ಆಗುವವನಿದ್ದ. ಔಷಧಿ ಅಂಗಡಿಗೂ ಬಿಲ್ ಕೌಂಟರಿಗೂ ಓಡಿಸಿ ಅವನನ್ನು ಮರೆತುಬಿಡುತ್ತೇವೆ. ಮದುವೆಗಳಿಗೆ ಅಂತ ಕೂಡಿಟ್ಟ ಇಎಲ್‌ನಲ್ಲಿ ಒಂದು ವಾರ ತೆಗೆದು ನಿನ್ನ ಜೊತೆ ಇರಲಿ. ಸುಮ್ಮನೆ ಕೂತಿದ್ದರೂ ಸರಿ.