ಡೈರಿಯ ಕಂಪ್ಯೂಟರಿನಲ್ಲಿ ಹಾಕಿದ ಮೆಮೊರಿ ಎಲ್ಲಿ ಹೋಯಿತು?



ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಭೂಮಿ ಯೋಜನೆಯ ಮೊದಲ ಪ್ರಯೋಗ 1999ರಲ್ಲಿ ನಡೆದದ್ದು ನಮ್ಮ ಮದ್ದೂರು ತಾಲ್ಲೂಕಿನಲ್ಲಿ. ಇಂದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಹಾಲಿನ ಡೈರಿಯ ಅಳತೆ, ಫ್ಯಾಟು, ಬಟವಾಡೆಗಳ ಲೆಕ್ಕವೂ ಕಂಪ್ಯೂಟರಿನಲ್ಲೇ ಇದೆ. ಅದು ನಿಧಾನವಾದರೆ ಬೆಳಗಿನ ಹೊತ್ತು ಹಾಲು ತಂದವರ ಸಾಲು ಬೆಳೆಯುತ್ತದೆ.

ಈ ಕಾರಣಕ್ಕಾಗಿ ಸಂಘದ ಹಣದಿಂದ 4 ಜಿಬಿ ಮೆಮೊರಿಯನ್ನು 8 ಜಿಬಿ ಮಾಡಿಸಿದಿರಿ ಎಂದಿಟ್ಟುಕೊಳ್ಳಿ. ಆದರೂ ಯಂತ್ರ 3.25 ಜಿಬಿ ಮಾತ್ರ ಬಳಕೆಗೆ ಇದೆ ಎನ್ನುತ್ತದೆ. ಆಗ ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ. ಹೊಸ ಯಂತ್ರಕ್ಕೆ ಠರಾವನ್ನೂ ಮಾಡಬೇಡಿ. ಮೊದಲು ಕಾರಣ ತಿಳಿಯಿರಿ.

ಕಾರಣವೇನು?

ಕೆಲಸ ಮಾಡುವಾಗ ಪುಸ್ತಕಗಳನ್ನು ಹರಡಿಕೊಳ್ಳುವ ಮೇಜಿನಂತೆ ಮೆಮೊರಿ. ಮುಗಿದ ಮೇಲೆ ಎತ್ತಿಡುವ ಬೀರುವಿನಂತೆ ಡಿಸ್ಕು. ಯಂತ್ರವನ್ನು ನಡೆಸುವ ವಿಂಡೋಸ್, ಮೆಮೊರಿಯ ಒಂದೊಂದು ಬೈಟಿಗೂ ಒಂದೊಂದು ನಂಬರು ಕೊಡುತ್ತದೆ. 32-ಬಿಟ್ ವಿಂಡೋಸಿನಲ್ಲಿ ಇಂಥ ನಂಬರುಗಳು ಸುಮಾರು 429 ಕೋಟಿ, ಅಂದರೆ 4 ಜಿಬಿಗೆ ಸಾಲುವಷ್ಟು ಮಾತ್ರ.

ಊರಿನ ಮನೆ ನಂಬರಿನ ಪುಸ್ತಕದಲ್ಲಿ 400 ಸಾಲುಗಳೇ ಇದ್ದರೆ, 800 ಮನೆ ಕಟ್ಟಿದರೂ ಉಳಿದವಕ್ಕೆ ನಂಬರಿಲ್ಲ. ಶಾಲೆಗೂ ಚಾವಡಿಗೂ ಅದೇ ಪುಸ್ತಕದಿಂದ ನಂಬರು ಕೊಡಬೇಕಾದರೆ ಮನೆಗಳಿಗೆ 400 ಸಹ ಉಳಿಯುವುದಿಲ್ಲ. ಹಾಗೆಯೇ ಪರದೆಯ ಚಿತ್ರ ಮೂಡಿಸುವ ಭಾಗ ಮುಂತಾದವುಗಳೂ ನಂಬರು ತೆಗೆದುಕೊಳ್ಳುವುದರಿಂದ, 4 ಜಿಬಿಯಲ್ಲಿ ಮೂರು, ಮೂರೂವರೆ ಮಾತ್ರ ಕೆಲಸಕ್ಕೆ ಒದಗುತ್ತದೆ.

ಪರೀಕ್ಷಿಸುವ ಕ್ರಮ

1. 'ದಿಸ್ ಪಿಸಿ'ಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಿರಿ. ಒಟ್ಟು ಮೆಮೊರಿ ಎಷ್ಟು, ಬಳಕೆಗೆ ಎಷ್ಟು, 'ಸಿಸ್ಟಮ್ ಟೈಪ್' 32-ಬಿಟ್ಟೋ 64-ಬಿಟ್ಟೋ ಎಂಬುದನ್ನು ಬರೆದುಕೊಳ್ಳಿ.

2. ಒಟ್ಟು ಮೆಮೊರಿಯೇ ಕಡಿಮೆ ಕಂಡರೆ, ಪಟ್ಟಿ ಸರಿಯಾಗಿ ಕೂತಿಲ್ಲದಿರಬಹುದು. ಯಂತ್ರ ಆರಿಸಿ, ಕರೆಂಟಿನ ವೈರು ಕಿತ್ತು, ಡಬ್ಬಿಯ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ತೆಗೆದು, ಧೂಳು ಒರೆಸಿ, ಕೊಂಡಿ ಟಕ್ಕೆನ್ನುವಂತೆ ಕೂರಿಸಿ. ಒಂದೊಂದೇ ಪಟ್ಟಿ ಹಾಕಿ ನೋಡಿದರೆ ದೋಷ ಪಟ್ಟಿಯದೋ ಗಾಡಿಯದೋ ತಿಳಿಯುತ್ತದೆ. ಡಿಡಿಆರ್3 ಪಟ್ಟಿ ಡಿಡಿಆರ್4 ಜಾಗಕ್ಕೆ ಹಿಡಿಸುವುದಿಲ್ಲ, ಬಲವಂತ ಮಾಡಬಾರದು.

3. ಒಟ್ಟು 8 ಎಂದಿದ್ದು, ಬಳಕೆಗೆ ಮೂರು ಚಿಲ್ಲರೆ ಇದ್ದು, ಟೈಪ್ 32-ಬಿಟ್ ಆಗಿದ್ದರೆ ಮೆಮೊರಿಯಲ್ಲಿ ದೋಷವಿಲ್ಲ. ಅದೇ ಸಾಲಿನಲ್ಲಿ ಪ್ರೊಸೆಸರ್ 'ಎಕ್ಸ್64' ಎಂದಿದ್ದರೆ 64-ಬಿಟ್ ವಿಂಡೋಸ್ ಹಾಕಿಸಬಹುದು.

4. ಟೈಪ್ 64-ಬಿಟ್ ಆಗಿದ್ದೂ ಕಡಿಮೆ ಕಂಡರೆ, 'ಎಂಎಸ್‌ಕಾನ್ಫಿಗ್' ತೆರೆದು, 'ಬೂಟ್' ಭಾಗದ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ 'ಮ್ಯಾಕ್ಸಿಮಮ್ ಮೆಮೊರಿ'ಗೆ ಗುರುತು ಇದ್ದರೆ ತೆಗೆದು, ಯಂತ್ರವನ್ನು ಮತ್ತೆ ಹೊತ್ತಿಸಿ. ಬಯಾಸಿನಲ್ಲಿ 'ಮೆಮೊರಿ ರೀಮ್ಯಾಪ್' ಇದ್ದರೆ ಅದು ಚಾಲೂ ಇರಬೇಕು. ಕೆಲವು ನೂರು ಎಂಬಿ ಕಡಿಮೆಯಾದರೆ ಚಿಂತೆಯಿಲ್ಲ. ಪರದೆಗಾಗಿ ಯಂತ್ರ ಅಷ್ಟನ್ನು ತೆಗೆದಿಡುವುದುಂಟು.

ಎಚ್ಚರಿಕೆ

32ರಿಂದ 64ಕ್ಕೆ ಹೋಗುವಾಗ ವಿಂಡೋಸನ್ನು ಹೊಸದಾಗಿಯೇ ಹಾಕಬೇಕು. ಆದ್ದರಿಂದ ಬಟವಾಡೆ ಮುಗಿದ ಮೇಲೆ ಈ ಕೆಲಸಕ್ಕೆ ಕೈಹಾಕಿ. ಮೊದಲು ಲೆಕ್ಕವನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಆ ನಕಲು ಇನ್ನೊಂದು ಯಂತ್ರದಲ್ಲಿ ತೆರೆಯುತ್ತದೆಯೇ ನೋಡಿ. ತೂಕದ ಯಂತ್ರಕ್ಕೂ ಫ್ಯಾಟು ನೋಡುವ ಯಂತ್ರಕ್ಕೂ 64-ಬಿಟ್ ಡ್ರೈವರ್ ಇದೆಯೇ ಎಂದು ಮಾರಿದವರನ್ನು ಕೇಳಿ. 32-ಬಿಟ್ ಡ್ರೈವರ್ ಅದರಲ್ಲಿ ನಡೆಯದು. ಹಳೆಯ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮೂ ನಿಲ್ಲುತ್ತದೆ. ಇದನ್ನು ವಿಚಾರಿಸದೆ ಹೊರಟರೆ, ಮೆಮೊರಿ ಸಿಕ್ಕರೂ ಮರುದಿನ ಹಾಲು ಅಳೆಯುವುದು ಕಷ್ಟವಾದೀತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 64-ಬಿಟ್‌ನಲ್ಲಿ ಮಾತ್ರ ಬರುತ್ತದೆ, ಆದರೆ ಹಳೆಯ ಯಂತ್ರಗಳೆಲ್ಲಕ್ಕೂ ಹೊಂದುವುದಿಲ್ಲ ಎಂಬುದನ್ನೂ ಗಮನಿಸಿ.

ಎಷ್ಟು ಜಿಬಿ, ಯಾವ ಡಿಡಿಆರ್, ಎಷ್ಟು ಬಿಟ್: ಈ ಮೂರನ್ನು ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸಿಡಿ. ಮುಂದಿನ ಸಲ ಮೆಮೊರಿ ಕೊಳ್ಳುವ ಮುಂಚೆ ಕಾರ್ಯದರ್ಶಿಯೂ ಸದಸ್ಯರೂ ಅದನ್ನು ಓದಿದರೆ ಸಂಘದ ಹಣ ಉಳಿಯುತ್ತದೆ.