ದೃಷ್ಟಿ ದಾಸೋಹ: ಶಿಬಿರ ಮುಗಿದ ಮರುದಿನ

ಬೆಟಗೇರಿಯ ಮಗ್ಗದ ಮುಂದೆ ಕುಳಿತ ನೇಕಾರನಿಗೆ ನಲವತ್ತು ದಾಟುತ್ತಲೇ ಹರಿದ ಎಳೆಯನ್ನು ಗಂಟು ಹಾಕುವುದು ಕಷ್ಟವಾಗತೊಡಗುತ್ತದೆ. ಎಳೆಯನ್ನು ದೂರ ಹಿಡಿಯುತ್ತಾನೆ, ಬೆಳಕಿನತ್ತ ತಿರುಗಿಸುತ್ತಾನೆ, ಕೊನೆಗೆ ಮಗನನ್ನು ಕೂಗುತ್ತಾನೆ. 'ವಯಸ್ಸಾಯಿತು, ಇನ್ನೇನು' ಎಂದು ಮಗ್ಗವನ್ನೇ ಬಿಡುವವರೂ ಉಂಟು. ವಾಸ್ತವವಾಗಿ ಇದು ರೋಗವೇ ಅಲ್ಲ. ಕಣ್ಣಿನೊಳಗಿನ ಮಸೂರವು ವಯಸ್ಸಿನೊಂದಿಗೆ ಗಡುಸಾಗಿ, ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದನ್ನೇ ನಾವು ಚಾಳೀಸು ಎನ್ನುತ್ತೇವೆ. ಇದಕ್ಕೆ ಸಾಧಾರಣ ಬೆಲೆಯ ಕನ್ನಡಕವೇ ಪರಿಹಾರ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಇಂತಹ ಕನ್ನಡಕ ನೀಡಿದಾಗ, ಕನ್ನಡಕವಿಲ್ಲದವರಿಗಿಂತ ಅವರ ದುಡಿಮೆ ಶೇ. 21ಕ್ಕೂ ಹೆಚ್ಚು ವೃದ್ಧಿಸಿದುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಾಯಕವನ್ನು ಉಳಿಸುವ ಕನ್ನಡಕವನ್ನು ಅಲಂಕಾರವೆಂದು ತಿಳಿಯಬಾರದು.

ಕಣ್ಣಿನ ಸೇವೆಯೆಂದರೆ ನಮ್ಮ ನಾಡಿಗೆ ಮೊದಲು ನೆನಪಾಗುವವರು ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು. ಊರೂರಿಗೆ ತೆರಳಿ ಶಿಬಿರ ಹೂಡಿ, ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದ ಆ ಮಹನೀಯರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಸಂದವು. ಅವರದು ಶಸ್ತ್ರವೈದ್ಯರ ಸೇವೆ. ಅದರ ಪಕ್ಕದಲ್ಲಿಯೇ ಇನ್ನೊಂದು ಸೇವೆಯಿದೆ. ಅದು ದೃಷ್ಟಿಯನ್ನು ಅಳೆದು ಕನ್ನಡಕವನ್ನು ನಿರ್ಧರಿಸುವ ಆಪ್ಟೊಮೆಟ್ರಿ. ನಮ್ಮಲ್ಲಿ ಇದು ಇಂಟರ್ನ್‌ಶಿಪ್ ಸೇರಿದ ಪದವಿ ಶಿಕ್ಷಣ.

ವಿದೇಶಗಳಲ್ಲಿ ಈ ವಿದ್ಯೆಯನ್ನು ಕಲಿಯುವ ತರುಣರು ರಜೆಯಲ್ಲಿ ತಂಡ ಕಟ್ಟಿಕೊಂಡು, ಕಣ್ಣಿನ ವೈದ್ಯರಿಲ್ಲದ ದೇಶಗಳ ಹಳ್ಳಿಗಳಿಗೆ ಹೋಗಿ ಸೇವೆ ಸಲ್ಲಿಸುವುದುಂಟು. ಅಮೆರಿಕದ 'ವೋಶ್' ಎಂಬ ಸಂಸ್ಥೆಗೆ ಆಪ್ಟೊಮೆಟ್ರಿ ಕಾಲೇಜುಗಳಲ್ಲಿ ವಿದ್ಯಾರ್ಥಿ ಶಾಖೆಗಳೇ ಇವೆ. ಪಾಠದಲ್ಲಿ ಓದಿದ್ದನ್ನು ಅವರು ಅಲ್ಲಿ ಸರದಿಯಲ್ಲಿ ನಿಂತ ಮುದುಕಿಯ ಕಣ್ಣಿನಲ್ಲಿ ಕಾಣುತ್ತಾರೆ. ನೀಡಲು ಬಂದವರು ಕಲಿತು ಹೋಗುತ್ತಾರೆ. ದಾಸೋಹದ ಮರ್ಮವೂ ಇದೇ ಅಲ್ಲವೇ?

ಆದರೆ ಸದ್ಭಾವವೊಂದೇ ಸಾಲದು. ಇತರರು ಬಿಟ್ಟ ಹಳೆಯ ಕನ್ನಡಕಗಳನ್ನು ಚೀಲದಲ್ಲಿ ತಂದು ಹಂಚುವುದು ಒಳ್ಳೆಯ ಪದ್ಧತಿಯಲ್ಲ. ಎರಡೂ ಕಣ್ಣುಗಳ ನಂಬರು, ಪಾಪೆಗಳ ನಡುವಣ ಅಂತರ, ಸಿಲಿಂಡರಿನ ಕೋನ ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ತೆರ. ಅಲ್ಲದೆ ವಿದ್ಯಾರ್ಥಿಯು ಅರ್ಹ ತಜ್ಞರ ಮೇಲ್ವಿಚಾರಣೆಯಲ್ಲಿಯೇ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು: ತಂಡ ಹೋದ ಮರುದಿನ ಕನ್ನಡಕ ಒಡೆದರೆ, ಕಣ್ಣು ಕೆಂಪಾದರೆ ರೋಗಿ ಯಾರ ಬಾಗಿಲಿಗೆ ಹೋಗಬೇಕು?

ಆದುದರಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಯಾವ ಶಿಬಿರ ನಡೆದರೂ, ಪರೀಕ್ಷಿಸುವವರು ಪರದೇಶದವರಾಗಲಿ ಹುಬ್ಬಳ್ಳಿಯವರಾಗಲಿ, ಭಕ್ತರು ಕೆಲವು ಸಂಗತಿಗಳನ್ನು ಗಮನಿಸಬೇಕು.

1. ಆರು ಮೀಟರ್ ದೂರದ ಅಕ್ಷರಫಲಕವನ್ನು ಒಂದೊಂದೇ ಕಣ್ಣಿನಿಂದ ಓದಿಸಬೇಕು. ಎರಡನ್ನೂ ತೆರೆದು ಓದಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮರೆಮಾಚುತ್ತದೆ.

2. ಸೂಜಿರಂಧ್ರದ ಮೂಲಕ ನೋಡಿದಾಗ ಅಕ್ಷರ ಸ್ಪಷ್ಟವಾದರೆ ದೋಷವು ಬಹುತೇಕ ಕನ್ನಡಕದಿಂದ ಸರಿಹೋಗುವಂಥದು. ಸ್ಪಷ್ಟವಾಗದಿದ್ದರೆ ಪೊರೆ, ಅಕ್ಷಿಪಟಲ ಅಥವಾ ನರದ ತೊಂದರೆಯಿರಬಹುದು. ಅಂಥವರನ್ನು ನೇತ್ರವೈದ್ಯರಲ್ಲಿಗೆ ಕಳುಹಿಸಬೇಕು.

3. ಕನ್ನಡಕ ದೊರೆತ ಮಾತ್ರಕ್ಕೆ ಪರೀಕ್ಷೆ ಮುಗಿಯಿತೆಂದು ತಿಳಿಯಬಾರದು. ಗ್ಲಾಕೋಮಾ ಬಹುಪಾಲು ನೋವಿಲ್ಲದೆ ದೃಷ್ಟಿಯನ್ನು ಕಸಿಯುತ್ತದೆ. ಹೋದ ದೃಷ್ಟಿ ಮರಳದು. ಮನೆತನದಲ್ಲಿ ಅದು ಇದ್ದವರು ಕಣ್ಣಿನ ಒತ್ತಡ ಮತ್ತು ನರ ಎರಡನ್ನೂ ಪರೀಕ್ಷಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಬೇಕು.

4. ನಂಬರು ಬರೆದ ಚೀಟಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ಮುಂದೆ ಪರೀಕ್ಷಿಸುವವರಿಗೆ ಅದೇ ಆಧಾರ.

5. ಹಲಗೆಯ ಅಕ್ಷರ ಕಾಣದ ಮಗು ಅದನ್ನು ಹೇಳಲಾರದು. ತನ್ನಂತೆಯೇ ಎಲ್ಲರಿಗೂ ಕಾಣುತ್ತದೆಂದು ತಿಳಿದಿರುತ್ತದೆ. ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿಯುವ, ಕಣ್ಣು ಕಿರಿದುಗೊಳಿಸುವ ಮಕ್ಕಳನ್ನು ಪಾಲಕರೇ ಗುರುತಿಸಬೇಕು. ಕನ್ನಡಕ ಧರಿಸಿದರೆ ಹುಡುಗಿಗೆ ಕಂಕಣಬಲ ಕೂಡದೆಂಬ ಭಯದಿಂದ ಅವಳ ಓದನ್ನು ಕೆಡಿಸುವುದು ಅನ್ಯಾಯ.

ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದ್ದು, ಅವರಲ್ಲಿ 100 ಕೋಟಿ ಜನರ ದೋಷವನ್ನಾದರೂ ತಡೆಯಬಹುದಿತ್ತು ಅಥವಾ ಅದಕ್ಕಿನ್ನೂ ಪರಿಹಾರ ದೊರೆತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿತು. ನಮ್ಮ ದೇಶವು 1976ರಲ್ಲಿಯೇ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದೆ. ಅದರಡಿ ಪೊರೆಯ ಶಸ್ತ್ರಚಿಕಿತ್ಸೆಯೂ ಶಾಲಾ ಮಕ್ಕಳಿಗೆ ಕನ್ನಡಕವೂ ಉಚಿತವಾಗಿ ದೊರೆಯುತ್ತವೆ. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ಸಂಕೋಚ ಬೇಡ.

ದೂರದೇಶದ ಹುಡುಗ ಹುಡುಗಿಯರು ಅಪರಿಚಿತರ ಕಣ್ಣಿಗಾಗಿ ಕಡಲು ದಾಟುತ್ತಾರೆ. ನಮ್ಮ ಮನೆಯ ಹಿರಿಯರನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಲು ನಾವು ದಾಟಬೇಕಾದುದು ನಮ್ಮ ಹೊಸ್ತಿಲನ್ನು ಮಾತ್ರ.